ಮಿಲಿಟ್ರಿಯವ್ರಿಗೆ ಟಿಕೆಟ್ ಕೊಡೋದಾದ್ರೆ ಗೆಲ್ಲೋ ಸೀಟಲ್ಲಿ ಕೊಡಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಮೊನ್ನೆ ನಿಮ್ಮ ಪತ್ರಿಕೆಲಿ ಓದುಗರೊಬ್ಬರು ಬರ್ದಿದ್ರು, ದೇಶ ಕಾಯ್ದೋರನ್ನ ನಮ್ ಜನ ಎಲೆಕ್ಷನ್ನಲ್ಲಿ ಸೋಲಿಸ್ತಾರೆ, ದುಡ್ಡು ಹಂಚೋರನ್ನ ಗೆಲ್ಲಿಸ್ತಾರೆ, ಈ ಜನ ಉದ್ಧಾರ ಆಗಲ್ಲ ಅಂತ. ಅದಕ್ಕೆ ಏರ್ ಡೆಕ್ಕನ್ ವಿಮಾನ ಕಂಪನಿ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ ಅವರ ಉದಾಹರಣೆ ಬೇರೆ ಕೊಟ್ಟಿದ್ರು. ನಾನು ಅರಸೀಕೆರೆ ತಾಲೂಕಿನೋನು, ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿ ಹವಾಲ್ದಾರ್ ಆಗಿ ರಿಟೈರ್ ಆಗಿ ಬಂದು ಈಗ ತೆಂಗು ರಾಗಿ ಅಂತ ಇದೀನಿ, ಗೋಪಿನಾಥ್ ಅವರು ಮೊದಲ್ನೇ ಸಲ ಸೋತಿದ್ದು ನಮ್ ಕಡೆಲೇ, ಹಂಗಾಗಿ ಇದಕ್ಕೊಂದು ಉತ್ತರ ಬರೀಲೇಬೇಕು ಅನ್ನಿಸ್ತು. ಉದ್ದ ಆದ್ರೆ ಕತ್ತರಿ ಹಾಕಿ, ಆದ್ರೆ ಪಕ್ಷದೋರಿಗೆ ಬೈದಿರೋ ಭಾಗಕ್ಕೆ ಮಾತ್ರ ಹಾಕ್ಬೇಡಿ.

ಗೋಪಿನಾಥ್ ಅಂದ್ರೆ ಬೆಂಗ್ಳೂರಿನೋರಿಗೆ ಏರ್ ಡೆಕ್ಕನ್ ಅಷ್ಟೇ ನೆನಪು, ಎಲೆಕ್ಷನ್ ಅಂದ್ರೆ 2009ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಪಕ್ಷೇತರ ನಿಂತಿದ್ದು ನೆನಪು. ಅದಕ್ಕೂ ಹದಿನೈದು ವರ್ಷ ಮುಂಚೆ, 1994ರ ವಿಧಾನಸಭೆ ಎಲೆಕ್ಷನ್ನಲ್ಲಿ, ಗಂಡಸಿ ಕ್ಷೇತ್ರದಿಂದ ಬಿಜೆಪಿ ಟಿಕೆಟಲ್ಲಿ ನಿಂತಿದ್ರು ಅನ್ನೋದು ಎಷ್ಟು ಜನಕ್ಕೆ ಗೊತ್ತು. ಆ ಕ್ಷೇತ್ರನೂ ಈಗ ಇಲ್ಲ, 2008ರ ಹೊತ್ತಿಗೆ ಕ್ಷೇತ್ರ ವಿಂಗಡಣೆಲಿ ಗಂಡಸಿ ಅನ್ನೋ ಹೆಸರೇ ಪಟ್ಟಿಯಿಂದ ಹೋಯ್ತು, ಈಗಿನ ಹುಡುಗ್ರಿಗೆ ಗಂಡಸಿ ಅಂದ್ರೆ ಹ್ಯಾಂಡ್‌ಪೋಸ್ಟಲ್ಲಿ ಬಸ್ ಬದಲಾಯಿಸೋ ಜಾಗ ಅಷ್ಟೇ.

ಈಗ ಆ ಮನುಷ್ಯನ ಬಯೋಡೇಟಾ ಸ್ವಲ್ಪ ನೋಡಿ. ಮೇಲುಕೋಟೆಲಿ ಹುಟ್ಟಿ ಗೊರೂರಲ್ಲಿ ಬೆಳೆದೋರು, ತಂದೆ ಸ್ಕೂಲ್ ಮೇಷ್ಟ್ರು, ಬಿಜಾಪುರ ಸೈನಿಕ ಶಾಲೆ, ಅಲ್ಲಿಂದ ಎನ್‌ಡಿಎ ಅಂದ್ರೆ ಸೇನಾ ಅಧಿಕಾರಿಗಳ ಟ್ರೈನಿಂಗ್ ಅಕಾಡೆಮಿ, ಆಮೇಲೆ ಆರ್ಮಿ, 1971ರ ಬಾಂಗ್ಲಾ ಯುದ್ಧದಲ್ಲಿ ಇದ್ರು. ಎಂಟು ವರ್ಷ ಸರ್ವಿಸ್ ಮಾಡಿ ಕ್ಯಾಪ್ಟನ್ ಆಗಿದ್ದಾಗ್ಲೇ ಬಿಟ್ಟು ಬಂದ್ರು, ಆಗ ವಯಸ್ಸು ಇನ್ನೂ ಮೂವತ್ತು ತುಂಬಿರ್ಲಿಲ್ಲ. ಅವರ ಮನೆತನದ ಜಮೀನು ಹೇಮಾವತಿ ಡ್ಯಾಮಲ್ಲಿ ಮುಳುಗಿತ್ತು, ಅದಕ್ಕೆ ಬದಲಿಗೆ ಸಿಕ್ಕಿದ್ದು ಜಾವಗಲ್ ಹತ್ರದ ಬರಡು ಭೂಮಿ. ಜಾವಗಲ್ ಬಯಲು ನೋಡಿದೋರಿಗೆ ಗೊತ್ತಿರುತ್ತೆ, ಮಳೆ ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ. ಅಲ್ಲಿ ಗುಡಾರ ಹಾಕ್ಕೊಂಡು ಕೂತು ತೆಂಗು ಇಟ್ರು, ರೇಷ್ಮೆ ಮಾಡಿದ್ರು, ಔಷಧಿ ಗೊಬ್ಬರ ಕಮ್ಮಿ ಮಾಡಿ ರೇಷ್ಮೆ ಬೆಳೆಯೋ ದಾರಿ ಹುಡುಕಿದ್ದಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಹಾಸನದಲ್ಲಿ ಎನ್‌ಫೀಲ್ಡ್ ಬೈಕಿನ ಡೀಲರ್‌ಶಿಪ್ ಇಟ್ಕೊಂಡಿದ್ರು, ಹೋಟೆಲ್ ನಡೆಸಿದ್ರು. ಇಷ್ಟೆಲ್ಲಾ ಯಾಕೆ ಹೇಳ್ದೆ ಅಂದ್ರೆ, ಫೌಜಿಗಳು ಸೋತಾಗ ಎಲ್ರೂ ಒಂದು ಮಾತು ಹೇಳ್ತಾರಲ್ಲ, ಇಪ್ಪತ್ ವರ್ಷ ಎಲ್ಲೋ ಇದ್ದು ಬಂದು ಓಟು ಕೇಳಿದ್ರೆ ಯಾರು ಹಾಕ್ತಾರೆ ಅಂತ, ಆ ಮಾತು ಇವರಿಗೆ ಅನ್ವಯ ಆಗಲ್ಲ. 1994ಕ್ಕೆ ಇವರು ಅದೇ ಮಣ್ಣಲ್ಲಿ ಹತ್ತು ಹದಿನೈದು ವರ್ಷ ಬೆವರು ಸುರಿಸಿದ್ರು. ಆದ್ರೂ ಸೋತ್ರು.

ಯಾಕೆ ಸೋತ್ರು ಅಂತ ಆ ಕಾಲದ ಲೆಕ್ಕ ಗೊತ್ತಿರೋರನ್ನ ಕೇಳಿ. ಆ ಎಲೆಕ್ಷನ್ನಲ್ಲಿ ಜನತಾದಳ 115 ಸೀಟು ಹೊಡೀತು, ದೇವೇಗೌಡ್ರು ಸಿಎಂ ಆದ್ರು, ಕಾಂಗ್ರೆಸ್ 34ಕ್ಕೆ ಇಳೀತು. ಬಿಜೆಪಿ 4ರಿಂದ 40ಕ್ಕೆ ಹೋಯ್ತು ನಿಜ, ಆ ಪಕ್ಷದೋರು ಈಗ್ಲೂ ಅದನ್ನ ಹೆಮ್ಮೆಯಿಂದ ಹೇಳ್ತಾರೆ, ಆದ್ರೆ ಆ ಅಲೆ ಕರಾವಳಿ ಕಡೆ, ಬೆಂಗ್ಳೂರು ಕಡೆ, ಹುಬ್ಬಳ್ಳಿ ಕಡೆ. ಹಾಸನ ಜಿಲ್ಲೆ ಅಂದ್ರೆ ಗೌಡ್ರ ಸ್ವಂತ ಜಿಲ್ಲೆ, ಗೌಡ್ರು ಸಿಎಂ ಆಗ್ತಾರೆ ಅಂತ ಹಳ್ಳಿ ಹಳ್ಳಿಲಿ ಮಾತಾಡ್ತಿದ್ದ ವರ್ಷ ಅದು. ಅಂಥ ವರ್ಷದಲ್ಲಿ ನಮ್ ಬಯಲುಸೀಮೆ ಹಳ್ಳಿಲಿ ತಾವರೆ ಹೂವು ಹಿಡ್ಕೊಂಡು ಹೋದ್ರೆ ಅವರು ಪರಮವೀರ ಚಕ್ರ ತಗೊಂಡಿದ್ರೂ ಅಷ್ಟೇ ಕಥೆ. ಇನ್ನು ಜಾತಿ ಲೆಕ್ಕ, ಅದನ್ನ ಬಿಟ್ಟು ಮಾತಾಡಿದ್ರೆ ಮೋಸ ಆಗುತ್ತೆ. ಅಯ್ಯಂಗಾರ್ರು ಅವರು, ಲಿಂಗಾಯತ್ರು ಒಕ್ಕಲಿಗ್ರು ಕುರುಬ್ರು ಇರೋ ಕ್ಷೇತ್ರದಲ್ಲಿ ಅವರ ಸಮುದಾಯದ ಓಟು ಬೆರಳಲ್ಲಿ ಎಣಿಸ್ಬೋದಿತ್ತು. ಫೌಜಲ್ಲಿ ಜಾತಿ ಇಲ್ಲ ಹೊರಗೆ ಬಂದ್ರೆ ಬರೀ ಜಾತಿ ಅಂತ ನಮ್ ಮಾಜಿ ಸೈನಿಕರ ಮೀಟಿಂಗಲ್ಲಿ ಭಾಷಣ ಹೊಡೀತಾರೆ, ಜಾಟ್ ರೆಜಿಮೆಂಟು ರಜಪೂತ್ ರೆಜಿಮೆಂಟು ಅನ್ನೋ ಬೋರ್ಡು ಅವರಿಗೆ ಎಲ್ಲೂ ಕಾಣಿಸ್ಲಿಲ್ವೋ ಏನೋ, ಇರ್ಲಿ.

ಹಂಗಾದ್ರೆ ಬಿಜೆಪಿ ಅವರಿಗೆ ಯಾಕೆ ಟಿಕೆಟ್ ಕೊಡ್ತು? ಇಲ್ಲೇ ಇರೋದು ವಿಷ್ಯ. ಗೆಲ್ಲೋ ಸೀಟಿಗೆ ಹತ್ತು ಜನ ಕ್ಯೂ ನಿಂತಿರ್ತಾರೆ, ಅಲ್ಲಿ ಅಧ್ಯಕ್ಷರ ಕಡೆಯೋರು, ದುಡ್ಡಿರೋರು, ಮಾಜಿ ಶಾಸಕರ ಮಗ, ಇವರೆಲ್ಲಾ ಕಿತ್ತಾಡ್ತಾರೆ. ಸೋಲೋ ಸೀಟಿಗೆ ಯಾರೂ ಬರಲ್ಲ. ಆಗ ನೆನಪಾಗೋದು ಒಳ್ಳೇ ಹೆಸರಿರೋ ಡಾಕ್ಟ್ರು, ಮೇಷ್ಟ್ರು, ಮಿಲಿಟ್ರಿಯೋರು. ಪೋಸ್ಟರಿಗೆ ಚೆನ್ನಾಗಿ ಕಾಣ್ತಾರೆ, ಖರ್ಚು ತಾವೇ ಮಾಡ್ಕೊಳ್ತಾರೆ, ಸೋತ್ರೆ ಪಕ್ಷಕ್ಕೆ ಬೇಜಾರಿಲ್ಲ, ಜನಕ್ಕೆ ಬುದ್ಧಿ ಇಲ್ಲ ಅಂತ ಹೇಳ್ಕೊಂಡು ಓಡಾಡ್ಬೋದು. ನಿಮ್ ಓದುಗರು ಬರ್ದಿದ್ದೂ ಅದೇ ಮಾತು, ಪಕ್ಷದೋರು ಹೇಳ್ಕೊಟ್ಟಿದ್ದನ್ನ ಅವರಿಗೇ ಗೊತ್ತಿಲ್ದೆ ಒಪ್ಪಿಸಿದಾರೆ.

ಇದು ನಮ್ ಹಾಸನದ ಕಥೆ ಮಾತ್ರ ಅಂದ್ಕೊಂಡ್ರೆ ಪಂಜಾಬ್ ನೋಡಿ. ಜನರಲ್ ಜೆ.ಜೆ. ಸಿಂಗ್, 2005ರಿಂದ 2007ರವರೆಗೆ ಭೂಸೇನೆಯ ಮುಖ್ಯಸ್ಥರು, ಆ ಹುದ್ದೆಗೆ ಬಂದ ಮೊದಲ್ನೇ ಸಿಖ್ಖರು, ಆಮೇಲೆ ಅರುಣಾಚಲದ ರಾಜ್ಯಪಾಲರು. ಇವರು ಮರಾಠಾ ಲೈಟ್ ಇನ್‌ಫೆಂಟ್ರಿಯೋರು, ಅಂದ್ರೆ ನಮ್ ಬೆಳಗಾವಿ ಸೆಂಟರ್ ಇರೋ ರೆಜಿಮೆಂಟು, ಬೆಳಗಾವಿ ಕಡೆ ಮಾಜಿ ಸೈನಿಕರಿಗೆ ಇವರ ಹೆಸರು ಹೇಳಿದ್ರೆ ಈಗ್ಲೂ ಎದೆ ಉಬ್ಬಿಸ್ತಾರೆ. ಅಂಥವ್ರನ್ನ ಅಕಾಲಿದಳ 2017ರ ಜನವರಿಲಿ ಪಕ್ಷಕ್ಕೆ ಸೇರಿಸ್ಕೊಂಡು ಎಲ್ಲಿ ನಿಲ್ಲಿಸ್ತು ಗೊತ್ತಾ, ಪಟಿಯಾಲದಲ್ಲಿ, ಕ್ಯಾಪ್ಟನ್ ಅಮರಿಂದರ್ ಸಿಂಗ್ ಎದುರಿಗೆ. ಪಟಿಯಾಲ ಅಂದ್ರೆ ಅಮರಿಂದರ್ ಅವರ ಮನೆತನದ ಸಂಸ್ಥಾನದ ಊರು, ಅರಮನೆನೇ ಅಲ್ಲಿದೆ, ಅದರ ಮೇಲೆ ಆ ವರ್ಷ ಅವರೇ ಕಾಂಗ್ರೆಸ್ಸಿನ ಸಿಎಂ ಮುಖ. ಇಬ್ರೂ ಫೌಜಿಗಳೇ, ಅಮರಿಂದರ್ ಸಿಖ್ ರೆಜಿಮೆಂಟಲ್ಲಿ ಇದ್ದೋರು, ಆರ್ಮಿ ಬಿಟ್ಟು ಹೋಗಿದ್ದೋರು 1965ರ ಯುದ್ಧ ಶುರು ಆಯ್ತು ಅಂತ ವಾಪಸ್ ಹೋಗಿ ಸೇರ್ಕೊಂಡೋರು. ಕ್ಯಾಪ್ಟನ್ ಎದುರು ಜನರಲ್, ರ‍್ಯಾಂಕ್ ಲೆಕ್ಕದಲ್ಲಾದ್ರೆ ಸೆಲ್ಯೂಟ್ ಹೊಡೀಬೇಕಾದೋರು ಕ್ಯಾಪ್ಟನ್. ಓಟಿನ ಲೆಕ್ಕದಲ್ಲಿ ಕ್ಯಾಪ್ಟನ್ ಐವತ್ತು ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ರು, ಜನರಲ್ ಸಾಹೇಬ್ರು ಮೂರನೇ ಸ್ಥಾನಕ್ಕೆ ಹೋಗಿ ಠೇವಣಿನೂ ಕಳ್ಕೊಂಡ್ರು. ಹತ್ತು ಲಕ್ಷಕ್ಕೂ ಜಾಸ್ತಿ ಜನ ಇರೋ ಸೇನೆಯನ್ನ ನಡೆಸಿದೋರಿಗೆ ಒಂದು ಊರಲ್ಲಿ ಠೇವಣಿ ಉಳಿಸ್ಕೊಳ್ಳೋಕೆ ಬೇಕಾದ ಆರನೇ ಒಂದು ಭಾಗ ಓಟೂ ಬರ್ಲಿಲ್ಲ.

ಇದನ್ನ ಕೇಳಿ ಪಟಿಯಾಲದ ಜನ ಕೃತಘ್ನರು ಅನ್ನಕ್ಕೆ ಹೋಗ್ಬೇಡಿ, ಇನ್ನೂ ಐದು ವರ್ಷ ಮುಂದೆ ಬನ್ನಿ. 2022ರಲ್ಲಿ ಅದೇ ಅಮರಿಂದರ್ ಅದೇ ಪಟಿಯಾಲದಲ್ಲಿ ಆಮ್ ಆದ್ಮಿ ಪಾರ್ಟಿ ಎದುರು ಹತ್ತೊಂಬತ್ತು ಸಾವಿರಕ್ಕೂ ಜಾಸ್ತಿ ಓಟಲ್ಲಿ ಸೋತ್ರು. ಅದೇ ಮನುಷ್ಯ, ಅದೇ ಅರಮನೆ, 1965ರ ಯುದ್ಧದ ಕಥೆನೂ ಅದೇ. ಬದಲಾಗಿದ್ದು ಏನಪ್ಪಾ ಅಂದ್ರೆ ಕಾಂಗ್ರೆಸ್ ಬಿಟ್ಟು ತಮ್ಮದೇ ಹೊಸ ಪಕ್ಷ ಕಟ್ಟಿದ್ರು, ಅವರ ಬೆನ್ನ ಹಿಂದೆ ಬೂತಲ್ಲಿ ಕೂರೋ ಜನ ಇರ್ಲಿಲ್ಲ.

ಸರಿ, ಮಿಲಿಟ್ರಿಗೆ ಬೆಲೆ ಇರೋ ರಾಜ್ಯ ಅಂತ ಒಂದಿದ್ರೆ ಉತ್ತರಾಖಂಡ. ಅಲ್ಲಿ ಬೆಟ್ಟದ ಮೇಲಿನ ಹಳ್ಳಿಗಳಲ್ಲಿ ಫೌಜಿಗೆ ಹೋಗದ ಮನೆ ಹುಡುಕ್ಬೇಕು, ಗಢವಾಲ್ ರೈಫಲ್ಸ್, ಕುಮಾವೋಂ ರೆಜಿಮೆಂಟ್ ಎರಡಕ್ಕೂ ಅಲ್ಲಿಂದ ತುಂಬಾ ಜನ ಹೋಗ್ತಾರೆ. ಅಲ್ಲಿ ಕರ್ನಲ್ ಅಜಯ್ ಕೋಥಿಯಾಲ್ ಅಂತ ಇದಾರೆ. ಶೌರ್ಯಕ್ಕೆ ಕೊಡೋ ಕೀರ್ತಿ ಚಕ್ರ ತಗೊಂಡೋರು, ಎವರೆಸ್ಟ್ ಹತ್ತಿದೋರು, ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಗೆ ಪ್ರಿನ್ಸಿಪಾಲ್ ಆಗಿದ್ರು. 2013ರ ಜೂನಲ್ಲಿ ಕೇದಾರನಾಥ ಪ್ರವಾಹದಲ್ಲಿ ಕೊಚ್ಕೊಂಡು ಹೋಯ್ತಲ್ಲ, ಆಮೇಲೆ ಆ ಹಿಮದಲ್ಲಿ ಕೂತು ದಾರಿ ಮಾಡಿ ಕೇದಾರವನ್ನ ಮತ್ತೆ ಕಟ್ಟಿಸಿದ ಟೀಮಿನ ಮುಂದಾಳು ಇವರೇ. ಸೇನೆಗೆ ಸೇರಬೇಕು ಅನ್ನೋ ಬಡ ಹುಡುಗರಿಗೆ ಟ್ರೈನಿಂಗ್ ಕ್ಯಾಂಪ್ ನಡೆಸಿ ಸಾವಿರಾರು ಜನಕ್ಕೆ ನೌಕರಿ ದಾರಿ ತೋರಿಸಿದಾರೆ. ಇದಕ್ಕಿಂತ ದೊಡ್ಡ ಬಯೋಡೇಟಾ ಎಲ್ಲಿಂದ ತರೋದು ಹೇಳಿ. 2021ರಲ್ಲಿ ಆಮ್ ಆದ್ಮಿ ಪಾರ್ಟಿ ಇವರನ್ನ ಸಿಎಂ ಕ್ಯಾಂಡಿಡೇಟ್ ಅಂತ ಘೋಷಣೆ ಮಾಡ್ತು, 2022ರಲ್ಲಿ ಗಂಗೋತ್ರಿಯಿಂದ ನಿಂತ್ರು, ಠೇವಣಿ ಹೋಯ್ತು. ಪಕ್ಷಕ್ಕೆ ಇಡೀ ರಾಜ್ಯದಲ್ಲಿ ಒಂದು ಸೀಟೂ ಬರ್ಲಿಲ್ಲ. ಕೆಲವೇ ತಿಂಗಳಲ್ಲಿ ಇವರು ಬಿಜೆಪಿಗೆ ಹೋದ್ರು.

ಅದೇ ಎಲೆಕ್ಷನ್ನಿನ ಇನ್ನೊಂದು ತಮಾಷೆ ಕೇಳಿ, ಮೂರೂ ಪಕ್ಷದ ಸಿಎಂ ಮುಖಗಳು ಮೂರೂ ಕಡೆ ಸೋತ್ರು. ಬಿಜೆಪಿಯ ಧಾಮಿ ಖಟೀಮಾದಲ್ಲಿ, ಕಾಂಗ್ರೆಸ್ಸಿನ ಹರೀಶ್ ರಾವತ್ ಲಾಲ್‌ಕುವಾದಲ್ಲಿ, ಕೋಥಿಯಾಲ್ ಗಂಗೋತ್ರಿಲಿ. ಆದ್ರೆ ಬಿಜೆಪಿ 70ರಲ್ಲಿ 47 ಗೆದ್ದಿದ್ದಕ್ಕೆ ಧಾಮಿ ಸೋತ್ರೂ ಸಿಎಂ ಆದ್ರು. ಧಾಮಿ ತಂದೆ ಸೇನೆಲಿ ಸುಬೇದಾರ್ ಆಗಿದ್ದೋರು. ಕೀರ್ತಿ ಚಕ್ರದ ಕರ್ನಲ್ ಮನೆಗೆ, ಸುಬೇದಾರರ ಮಗ ಸಿಎಂ ಕುರ್ಚಿಗೆ. ಹಿಂದೆ ಪಕ್ಷ ಇದ್ರೆ ಸೋಲೂ ಸೋಲಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ.

ಅಲ್ಲಿಯೇ ಅದಕ್ಕೂ ಹತ್ತು ವರ್ಷ ಹಿಂದೆ ಮೇಜರ್ ಜನರಲ್ ಖಂಡೂರಿ ಅವರದ್ದು ಇನ್ನೊಂಥರ. ಅವರು ಆಗ ಕೂತಿದ್ದ ಸಿಎಂ, ಕೈ ಶುದ್ಧ ಅಂತ ಹೆಸರಿದ್ದೋರು, ಲೋಕಾಯುಕ್ತ ಮಸೂದೆ ತಂದಿದ್ರು, 'ಖಂಡೂರಿ ಹೈ ಜರೂರಿ' ಅನ್ನೋದೇ 2012ರಲ್ಲಿ ಬಿಜೆಪಿಯ ಸ್ಲೋಗನ್. ರಿಸಲ್ಟ್ ಬಂದಾಗ ಕಾಂಗ್ರೆಸ್ 32, ಬಿಜೆಪಿ 31. ಖಂಡೂರಿ ಅವರೇ ಕೋಟದ್ವಾರದಲ್ಲಿ ಐದು ಸಾವಿರಕ್ಕೂ ಕಮ್ಮಿ ಅಂತರದಲ್ಲಿ ಸೋತಿದ್ರು. ಅವರೊಬ್ರು ಗೆದ್ದಿದ್ರೆ ಅದೇ ನಂಬರು ತಿರುಗಾ ಮುರುಗಾ ಆಗ್ತಿತ್ತು. ಒಳಏಟು ಕೊಟ್ರು ಅಂತ ಆಗ ಎಲ್ಲಾ ಕಡೆ ಮಾತು. ಶತ್ರು ಎದುರಿಂದ ಬರ್ತಾನೆ ಅಂತ ನಮಗೆ ಟ್ರೈನಿಂಗಲ್ಲಿ ಹೇಳ್ಕೊಟ್ಟಿರ್ತಾರೆ, ಪಕ್ಕದಲ್ಲಿ ಹಾರ ಹಿಡ್ಕೊಂಡು ನಿಂತಿರ್ತಾನೆ ಅಂತ ಯಾವ ಉಸ್ತಾದೂ ಹೇಳ್ಕೊಡಲ್ಲ.

ಹಿಂಗೆ ಹೇಳ್ತಾ ಹೋದ್ರೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರವರೆಗೂ ಹೋಗ್ಬೋದು. ನಮ್ ಕೊಡಗಿನೋರು, ನಮ್ ಸೇನೆಗೆ ಕಮಾಂಡರ್ ಇನ್ ಚೀಫ್ ಆದ ಮೊದಲ ಭಾರತೀಯ, ಅವರೂ 1971ರಲ್ಲಿ ಮುಂಬೈನಿಂದ ಶಿವಸೇನೆ ಬೆಂಬಲದಲ್ಲಿ ಲೋಕಸಭೆಗೆ ಪಕ್ಷೇತರ ನಿಂತು ಸೋತೋರು. ಇಂದಿರಾ ಗಾಂಧಿ 'ಗರೀಬಿ ಹಟಾವೋ' ಅಂತಿದ್ದ ವರ್ಷ, ಕೊಡಗಿನ ಜನರಲ್ ಮುಂಬೈಲಿ. ಇದನ್ನ ಹೇಳಿದ್ರೆ ಕೊಡಗಿನ ಎಷ್ಟೋ ಜನನೇ ಹೌದಾ ಅಂತಾರೆ. ಕೊಡಗಿನ ಮಾತು ಬಂದಿದ್ದಕ್ಕೆ ಹೇಳ್ತೀನಿ, ಸೇನೆಗೂ ಕೊಡಗಿಗೂ ಇರೋ ನಂಟು ಯಾರಿಗೂ ಬಿಡಿಸಿ ಹೇಳೋದು ಬೇಡ, ಆದ್ರೆ 2023ರಲ್ಲಿ ಅಲ್ಲಿನ ಎರಡು ಸೀಟಲ್ಲಿ ಗೆದ್ದೋರು ಒಬ್ರು ಡಾಕ್ಟ್ರು, ಒಬ್ರು ಲಾಯರ್ರು. ಇದರಲ್ಲಿ ಯಾವ ಅವಮಾನನೂ ಇಲ್ಲ. ಮನೆಗೊಬ್ಬ ಫೌಜಿ ಇರೋ ಕಡೆ ಫೌಜಿ ಅನ್ನೋದು ವಿಶೇಷ ಅಲ್ಲ, ಅವನೂ ಎಲ್ರ ಥರ ಒಬ್ಬ ಕ್ಯಾಂಡಿಡೇಟು.

ಈಗ ಗೆದ್ದೋರನ್ನ ನೋಡಿ. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ 2014ರಲ್ಲಿ ಗಾಜಿಯಾಬಾದಲ್ಲಿ ಐದು ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ರು, ಅದು ಅವರಿಗಿಂತ ಮುಂಚೆ ರಾಜನಾಥ್ ಸಿಂಗ್ ಗೆದ್ದಿದ್ದ ಸೀಟು. ನಮ್ಮಲ್ಲೇ ಕ್ಯಾಪ್ಟನ್ ಬ್ರಿಜೇಶ್ ಚೌಟ 2024ರಲ್ಲಿ ದಕ್ಷಿಣ ಕನ್ನಡದಿಂದ ಗೆದ್ರು, ಅಲ್ಲಿ 1991ರಿಂದ ಬಿಜೆಪಿ ಸೋತೇ ಇಲ್ಲ, ಅದರ ಮೇಲೆ ಅವರು ಸೇನೆ ಬಿಟ್ಟು ಬಂದು ವರ್ಷಗಟ್ಟಲೆ ಪಕ್ಷದ ಕೆಲಸ, ಸಂಘದ ಕೆಲಸ, ಕಂಬಳ ಅಂತ ಊರಲ್ಲೇ ಓಡಾಡಿದೋರು. ಅವರು ಗೆದ್ದಿದ್ದು ಯೂನಿಫಾರ್ಮಿಂದ ಅಲ್ಲ, ಜೆ.ಜೆ. ಸಿಂಗ್ ಸೋತಿದ್ದೂ ಯೂನಿಫಾರ್ಮಿಂದ ಅಲ್ಲ. ಇಷ್ಟು ಹೇಳಕ್ಕೇ ನಾನು ಇಷ್ಟೆಲ್ಲಾ ಊರು ಸುತ್ತಿದ್ದು.

ಹಂಗಂತ ಎಲ್ಲಾ ತಪ್ಪು ಪಕ್ಷದೋರ ತಲೆಗೇ ಕಟ್ಟಲ್ಲ. ನನ್ ಜೊತೆಗಾರ ಒಬ್ಬ, ಸುಬೇದಾರ್ ಆಗಿ ಬಂದೋನು, ಹೆಸರು ಬೇಡ, ವಿಧಾನಸಭೆಗೆ ಪಕ್ಷೇತರ ನಿಂತಿದ್ದ. ಮಾನ್ಯತೆ ಇರೋ ಪಕ್ಷದ ಕ್ಯಾಂಡಿಡೇಟಿಗೆ ಒಬ್ಬ ಸೂಚಕ ಸಾಕು, ಪಕ್ಷೇತರನಿಗೆ ಹತ್ತು ಜನ ಸೂಚಕರು ಬೇಕು, ಅವರೆಲ್ಲಾ ಅದೇ ಕ್ಷೇತ್ರದ ಮತದಾರರೇ ಆಗಿರ್ಬೇಕು. ಅದನ್ನೆಲ್ಲಾ ನೀಟಾಗಿ ಮಾಡಿದ್ದ, ಫೌಜಿ ಅಲ್ವಾ, ಪೇಪರ್ ಕೆಲಸಕ್ಕೆ ಹೆದರಲ್ಲ. ಹತ್ತು ಸಾವಿರ ಠೇವಣಿ ಕಟ್ಟಿದ. ಆದ್ರೆ ಪಕ್ಷೇತರನಿಗೆ ಚಿಹ್ನೆ ಸಿಗೋದು ನಾಮಪತ್ರ ವಾಪಸ್ ತಗೊಳೋ ದಿನ ಮುಗಿದ್ಮೇಲೆ, ಅಲ್ಲಿಂದ ಓಟಿಗೆ ಎರಡು ವಾರ ಚಿಲ್ಲರೆ ಅಷ್ಟೇ. ಆ ಎರಡು ವಾರದಲ್ಲಿ ಇನ್ನೂರು ಚಿಲ್ಲರೆ ಬೂತಿಗೆ ನನ್ ಗುರುತು ಸಿಲಿಂಡರ್ ಅಂತ ಹೇಳಿ ಮುಗಿಸ್ಬೇಕು. ಗೂಡ್ಸ್ ಆಟೋಗೆ ಮೈಕ್ ಕಟ್ಕೊಂಡು, ಕೋಟಿನ ಮೇಲೆ ಮೆಡಲ್ ಸಿಗಿಸ್ಕೊಂಡು ಬಿಸಿಲಲ್ಲಿ ಹೋಗ್ತಿದ್ದ, ನಾನೂ ಹೋಗಿದ್ದೆ ಜೊತೆಗೆ.

ಒಂದು ಹಳ್ಳಿಲಿ ಜಗಲಿ ಮೇಲೆ ಅವರೆಕಾಯಿ ಸುಲೀತಿದ್ದ ಒಂದಜ್ಜಿ ಇವನನ್ನ ಕೂರಿಸಿ ಮಜ್ಜಿಗೆ ಕೊಟ್ಟು ಎಲ್ಲಾ ಕೇಳಿಸ್ಕೊಂಡ್ತು. ಕಾರ್ಗಿಲ್ ಅಂದ, ಹಿಮ ಅಂದ, ಭ್ರಷ್ಟಾಚಾರ ಅಂದ. ಅಜ್ಜಿ ಮೆಡಲ್ ಮುಟ್ಟಿ ನೋಡಿ, "ನಿಮ್ಮವ್ವ ಎಷ್ಟು ಹೆದ್ರಿದ್ಲೋ ಮಗಾ ನೀನು ಅಲ್ಲಿರೋವಾಗ" ಅಂತು. ಇವನ ಕಣ್ಣಲ್ಲಿ ನೀರು. ಆಮೇಲೆ ಅಜ್ಜಿನೇ ಹೇಳ್ತು, "ನೀನು ಒಳ್ಳೇನು ಕಣಪ್ಪ, ಸುಳ್ಳು ಹೇಳಲ್ಲ ನಾನು, ನಮ್ ಮೊಮ್ಮಗ ಗಾಡಿಯಿಂದ ಬಿದ್ದು ಹಾಸನದ ಆಸ್ಪತ್ರೆಲಿ ಮಲಗಿದ್ದಾಗ ರಾತ್ರಿ ಫೋನ್ ಮಾಡಿದ್ಕೆ ಆಂಬುಲೆನ್ಸ್ ಕಳ್ಸಿ ಬೆಂಗ್ಳೂರಿಗೆ ಸಾಗ್ಸಿದ್ದು ಅವ್ರು, ನನ್ ಓಟು ಅವ್ರಿಗೇ." ಅವರು ಅಂದ್ರೆ ಯಾರು ಅಂತ ಕೇಳಿದ್ರೆ, ಇವನು ಮೈಕಲ್ಲಿ ಬೆಳಗ್ಗೆಯಿಂದ ಕಳ್ಳ ಅಂತ ಬೈತಿದ್ದ ಅದೇ ಮನುಷ್ಯ.

ವಾಪಸ್ ಬರ್ತಾ ಆಟೋಲಿ ಅವನು ಜನ ಸರಿ ಇಲ್ಲ ಅಂತಿದ್ದ. ಅಜ್ಜಿ ಏನ್ ತಪ್ಪು ಮಾಡ್ತು ಹೇಳಿ ಸಾರ್. ಶಾಸಕ ಅಂದ್ರೆ ಸದನದಲ್ಲಿ ಕೂತು ಕಾನೂನು ಮಾಡೋನು ಅಂತ ಪುಸ್ತಕದಲ್ಲಿದೆ, ಹಳ್ಳಿಲಿ ಶಾಸಕ ಅಂದ್ರೆ ತಾಲೂಕ್ ಆಫೀಸಿಗೆ ಫೋನ್ ಮಾಡೋನು, ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಎರಡು ದಿನದಲ್ಲಿ ಹಾಕ್ಸೋನು, ಪೋಲಿಸ್ ಸ್ಟೇಷನ್ನಿಂದ ಮಗನನ್ನ ಬಿಡಿಸ್ಕೊಂಡು ಬರೋನು. ಅದು ಸರಿಯೋ ತಪ್ಪೋ ಬೇರೆ ವಿಷ್ಯ. ನಾನೇ ಮಾಜಿ ಸೈನಿಕರ ಕೋಟಾದಲ್ಲಿ ಜಮೀನಿಗೆ ಅರ್ಜಿ ಹಾಕಿ ಒಂದು ಆಫೀಸಲ್ಲಿ ಫೈಲ್ ಎಲ್ಲಿದೆ ಅಂತ ಕೇಳ್ಕೊಂಡು ವರ್ಷಾನುಗಟ್ಟಲೆ ಅಲೆದೋನು, ಕೊನೆಗೆ ಫೈಲು ಸಿಕ್ಕಿದ್ದು ಯಾರೋ ಪುಢಾರಿ ಒಂದು ಮಾತು ಹೇಳಿದ್ಮೇಲೆ. ನನ್ ಎಕ್ಸ್-ಸರ್ವಿಸ್‌ಮನ್ ಕಾರ್ಡ್ ತೋರಿಸಿದಾಗ ಗುಮಾಸ್ತ ಎದ್ದು ನಮಸ್ಕಾರ ಮಾಡಿದ್ದ, ಫೈಲ್ ಮಾತ್ರ ಹುಡುಕಿರ್ಲಿಲ್ಲ. ಅರಸೀಕೆರೆಲಿ 2008ರಿಂದ ಶಿವಲಿಂಗೇಗೌಡ್ರು ಒಬ್ರೇ ಗೆಲ್ತಾ ಬಂದಿದಾರೆ, 2023ರಲ್ಲಿ ಜೆಡಿಎಸ್ ಬಿಟ್ಟು ಕಾಂಗ್ರೆಸ್ಸಿಗೆ ಹೋದ್ರೂ ಗೆದ್ರು. ನಾನು ಅವರ ಭಕ್ತ ಅಲ್ಲ, ಆದ್ರೆ ಅವರನ್ನ ಸೋಲಿಸ್ಬೇಕು ಅನ್ನೋನು ಮೆಡಲ್ ತರೋದಲ್ಲ, ಅವರಷ್ಟು ಮದುವೆ, ತಿಥಿ, ಊರಬ್ಬಕ್ಕೆ ಓಡಾಡೋ ಕಾಲು ತರ್ಬೇಕು.

ಇನ್ನು ಓಟಿನ ದಿನ. ಬೆಳಗ್ಗೆ ಓಟು ಶುರು ಆಗೋ ಮುಂಚೆ ಏಜೆಂಟ್‌ಗಳ ಎದುರು ಅಣಕು ಮತದಾನ ಮಾಡ್ತಾರೆ, ಕತ್ತಲಲ್ಲೇ ಎದ್ದು ಹೋಗ್ಬೇಕು. ನನ್ ಜೊತೆಗಾರನಿಗೆ ಮುಕ್ಕಾಲುವಾಸಿ ಬೂತಲ್ಲಿ ಏಜೆಂಟೇ ಇರ್ಲಿಲ್ಲ. ದೊಡ್ಡ ಪಕ್ಷದೋರ ಏಜೆಂಟಿಗೆ ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಪಲಾವ್ ಪೊಟ್ಟಣ, ಸಂಜೆ ಕವರ್, ಹೊರಗೆ ಟೇಬಲ್ ಹಾಕಿ ಯಾರ ಮನೆಯೋರು ಇನ್ನೂ ಬಂದಿಲ್ಲ ಅಂತ ಪಟ್ಟಿಲಿ ಟಿಕ್ ಹಾಕೋ ಹುಡುಗ್ರು, ಬಾರದೇ ಇರೋರಿಗೆ ಆಟೋ. ಸಪ್ಲೈ ಲೈನ್ ಇಲ್ದೆ ಯುದ್ಧ ಗೆಲ್ಲಕ್ಕಾಗಲ್ಲ ಅಂತ ನಮಗೆ ಗೊತ್ತಿರ್ಬೇಕಿತ್ತು, ಜೀವನ ಪೂರ್ತಿ ಅದನ್ನೇ ಕಲ್ತೋರು ನಾವು.

ನಮ್ ಮಾಜಿ ಸೈನಿಕರ ಓಟೆಲ್ಲಾ ಒಟ್ಟಿಗೆ ಬಿದ್ರೆ ಗೆಲ್ತೀವಿ ಅನ್ನೋರು ಇದಾರೆ. ಆ ಲೆಕ್ಕನೂ ಹಿಡಿಯಲ್ಲ. ನಾವು ರಿಟೈರ್ ಆಗಿ ಬಂದ ದಿನದಿಂದ ನಾವು ಬರೀ ಫೌಜಿಗಳಲ್ಲ, ನಮಗೂ ಜಾತಿ ಇದೆ, ದಾಯಾದಿ ಜಗಳ ಇದೆ, ಸೊಸೈಟಿ ಸಾಲ ಇದೆ. ಸರ್ವಿಸಲ್ಲಿರೋರ ಓಟು ಕೇಳ್ಲೇಬೇಡಿ, ನನ್ ಕಾಲದಲ್ಲಿ ಪೋಸ್ಟಲ್ ಬ್ಯಾಲೆಟ್ ಯೂನಿಟ್ಟಿಗೆ ಬರೋ ಹೊತ್ತಿಗೆ ಇಲ್ಲಿ ಗೆದ್ದೋನು ಪ್ರಮಾಣವಚನ ತಗೊಂಡು ಕೂತಿರ್ತಿದ್ದ. 2003ರಿಂದ ಮನೆಯೋರ ಕೈಲಿ ಪ್ರಾಕ್ಸಿ ಓಟು ಹಾಕಿಸ್ಬೋದು ಅಂತ ಆಯ್ತು, 2016ರಿಂದ ಬ್ಯಾಲೆಟ್ಟನ್ನ ಕಂಪ್ಯೂಟರಲ್ಲೇ ಕಳಿಸ್ತಾರೆ, ಪ್ರಿಂಟ್ ತೆಗೆದು ಗುರುತು ಹಾಕಿ ಮತ್ತೆ ಪೋಸ್ಟಲ್ಲೇ ವಾಪಸ್ ಕಳಿಸ್ಬೇಕು, ಎಣಿಕೆ ದಿನ ಬೆಳಗ್ಗೆ ಎಂಟರೊಳಗೆ ತಲುಪ್ಬೇಕು. ಮೊದಲಿಗಿಂತ ವಾಸಿ, ಆದ್ರೆ ಗುಡ್ಡದ ಮೇಲೆ ಗಡಿ ಕಾಯ್ತಿರೋನಿಗೆ ಪ್ರಿಂಟರ್ ಎಲ್ಲಿ.

ಗೋಪಿನಾಥ್ ಅವರ 2009ರ ಸೋಲಿನ ಬಗ್ಗೆ ಒಂದ್ ಮಾತು ಹೇಳಿ ಮುಂದಕ್ಕೆ ಹೋಗ್ತೀನಿ. ಅದು ಲೋಕಸಭೆ, ಅನಂತಕುಮಾರ್ ಅವರು 1996ರಿಂದ ಗೆಲ್ತಿದ್ದ ಸೀಟು, ಅಲ್ಲಿ ಪಕ್ಷೇತರ ನಿಂತು ಠೇವಣಿ ಕಳ್ಕೊಂಡ್ರು. ಇಂಥೋರು ರಾಜಕೀಯಕ್ಕೆ ಬರ್ಬೇಕು ಅಂತ ಟಿವಿಲಿ, ಪೇಪರಲ್ಲಿ ಬೆಂಗ್ಳೂರಿನ ವಿದ್ಯಾವಂತರು ಹೊಗಳಿದ್ದೇ ಹೊಗಳಿದ್ದು, ಆ ದಿನ ಕ್ಷೇತ್ರದಲ್ಲಿ ಓಟು ಹಾಕಿದ್ದು ನೂರಕ್ಕೆ 45ರ ಆಸುಪಾಸು. ಗಂಡಸಿ ಜನ ಬೇರೆಯೋರಿಗೆ ಓಟು ಹಾಕಿರ್ಬೋದು, ಕ್ಯೂನಲ್ಲಾದ್ರೂ ನಿಂತ್ರು. 2014ರ ಜನವರಿಲಿ ಗೋಪಿನಾಥ್ ಆಮ್ ಆದ್ಮಿ ಪಾರ್ಟಿ ಸೇರಿದ್ರು, ಮೇ ತಿಂಗಳಲ್ಲಿ ಬಿಟ್ರು. ಅವರ ಬುದ್ಧಿ ರಾಜಕೀಯಕ್ಕಿಂತ ವ್ಯಾಪಾರಕ್ಕೆ ಒಗ್ಗಿತ್ತು ಅನ್ಸುತ್ತೆ ನನಗೆ. ಒಂದ್ ಲೆಕ್ಕದಲ್ಲಿ 1994ರಲ್ಲಿ ಗಂಡಸಿಯೋರು ಸೋಲಿಸಿದ್ದು ಒಳ್ಳೇದೇ ಆಯ್ತು, ಗೆದ್ದು ವಿರೋಧ ಪಕ್ಷದ ಬೆಂಚಲ್ಲಿ ಕೂತಿದ್ದಿದ್ರೆ 2003ರಲ್ಲಿ ಏರ್ ಡೆಕ್ಕನ್ನಿನ ಹುಬ್ಬಳ್ಳಿ ಬೆಂಗ್ಳೂರು ವಿಮಾನ ಹಾರ್ತಿತ್ತೋ ಇಲ್ವೋ.

ನಿಮ್ ಓದುಗರು ಮಾಜಿ ಸೈನಿಕರಿಗೆ ವಿಧಾನಸಭೆಲಿ ಮೀಸಲು ಸೀಟು ಕೊಡಿ ಅಂತಾನೂ ಕೇಳಿದಾರೆ. ನನಗೆ ಬೇಡ. ಕೊಟ್ರೆ ಅಲ್ಲಿಗೂ ಪಕ್ಷದೋರ ಭಾಮೈದನೇ ಎನ್‌ಸಿಸಿ ಸರ್ಟಿಫಿಕೇಟ್ ಹಿಡ್ಕೊಂಡು ಬರ್ತಾನೆ. ಪಕ್ಷಗಳಿಗೆ ನಾನು ಕೇಳೋದು ಇಷ್ಟೇ, 2019ರಲ್ಲಿ ಬಾಲಾಕೋಟ್ ವಿಮಾನ ದಾಳಿ ಆದ್ಮೇಲೆ ಸೈನಿಕರ ಫೋಟೋ ಪೋಸ್ಟರಲ್ಲಿ ಹಾಕ್ಬೇಡಿ ಅಂತ ಚುನಾವಣಾ ಆಯೋಗನೇ ಹೇಳ್ಬೇಕಾಯ್ತು, ಅಷ್ಟು ಪ್ರೀತಿ ನಮ್ ಮೇಲೆ ಇದ್ರೆ ಹೋದ್ಸಲ ಇಪ್ಪತ್ತು ಸಾವಿರದಲ್ಲಿ ಗೆದ್ದಿರೋ ಒಂದು ಸೀಟು ತೆಗೆದು ಒಬ್ಬ ಸುಬೇದಾರನಿಗೆ ಕೊಡಿ ನೋಡೋಣ. ಆಫೀಸರ್ರೇ ಯಾಕೆ, ಟಿಕೆಟ್ ಸಿಕ್ಕಿರೋರ ಹೆಸರು ಮೇಲೆ ನೋಡಿ, ಎಲ್ಲಾ ಕ್ಯಾಪ್ಟನ್ನಿಂದ ಶುರು ಆಗಿ ಜನರಲ್‌ವರೆಗೆ. ಜವಾನರು ಅಂದ್ರೆ ಮೆರವಣಿಗೆಗೆ, ಹುತಾತ್ಮರ ಮನೆ ಮುಂದೆ ಫೋಟೋಗೆ.

ನಮ್ ಮಾಜಿ ಸೈನಿಕ ತಮ್ಮಂದಿರಿಗೆ ಹೇಳೋದು ಅಂದ್ರೆ, ಮೂವತ್ತೇಳು ಮೂವತ್ತೆಂಟಕ್ಕೆ ಪೆನ್ಷನ್ ತಗೊಂಡು ಬರ್ತೀರಿ, ಮುಂದೆ ಇನ್ನೂ ಬೇಕಾದಷ್ಟು ವಯಸ್ಸಿದೆ, ಸೆಕ್ಯೂರಿಟಿ ಗಾರ್ಡ್ ಆಗಕ್ಕೆ ಬೆಂಗ್ಳೂರಿಗೆ ಓಡೋ ಬದಲು ಊರಲ್ಲಿ ಗ್ರಾಮ ಪಂಚಾಯ್ತಿಗೆ ನಿಲ್ಲಿ. ಗ್ರಾಮಸಭೆಲಿ ಪಿಡಿಒ ಎದುರು ನರೇಗಾ ಲೆಕ್ಕ ಕೇಳಿ, ನೀರಿನ ಮೋಟರ್ ಸುಟ್ಟಾಗ ಬೈಸ್ಕೊಳ್ಳಿ. ಅಲ್ಲಿಂದ ತಾಲೂಕ್ ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ ಅಂತ ಹತ್ತಿ ಹೋಗಿ ಅಂತ ಹೇಳೋಣ ಅಂದ್ರೆ ಆ ಮೆಟ್ಟಿಲನ್ನೇ ಸರ್ಕಾರದೋರು ಕಿತ್ತಿಟ್ಟಿದಾರೆ. ಜಿಲ್ಲಾ ಪಂಚಾಯ್ತಿ ತಾಲೂಕ್ ಪಂಚಾಯ್ತಿಗೆ 2016ರಲ್ಲಿ ಎಲೆಕ್ಷನ್ ಆಗಿದ್ದು, 2021ಕ್ಕೆ ಅವಧಿ ಮುಗೀತು, ಅಲ್ಲಿಂದ ಮೀಸಲಾತಿ ಪಟ್ಟಿ, ಕ್ಷೇತ್ರ ವಿಂಗಡಣೆ, ಕೋರ್ಟು ಅಂತ ವರ್ಷಗಟ್ಟಲೆ ಎಳೆದಿದ್ದೇ ಎಳೆದಿದ್ದು, ಬಿಜೆಪಿ ಸರ್ಕಾರ ಎಳೀತು, ಕಾಂಗ್ರೆಸ್ ಸರ್ಕಾರನೂ ಎಳೀತು, ಅದರಲ್ಲಿ ಮಾತ್ರ ಇಬ್ರಿಗೂ ಒಮ್ಮತ. ಶಾಸಕರಿಗೆ ಕೆಳಗಿಂದ ಯಾರೂ ಬೆಳೀಬಾರ್ದು ನೋಡಿ. ನಿಮ್ ಪತ್ರಿಕೆಯೋರು ಇದರ ಬಗ್ಗೆ ದಿನಾ ಒಂದು ಕಾಲಂ ಬರೀರಿ, ಫೌಜಿ ಸೋತ ಸುದ್ದಿಗೆ ಅಷ್ಟು ದೊಡ್ಡ ಹೆಡ್ಡಿಂಗ್ ಕೊಡೋ ಜಾಗದಲ್ಲಿ.

ಇತಿ,
ನಿವೃತ್ತ ಹವಾಲ್ದಾರ್ ಒಬ್ಬ, ಅರಸೀಕೆರೆ ತಾಲೂಕು
(ಹೆಸರು ಹಾಕ್ಬೇಡಿ ಸಾರ್, ಜಮೀನಿನ ಫೈಲ್ ಇನ್ನೂ ಪೂರ್ತಿ ಆಗಿಲ್ಲ)